ಬೋರ್ ಕಣಿವೆಯಲ್ಲಿ ನೀನು ಇಳಿದು ನೋಡದ ಗಾಡಿ

ದಾಶ್ಜೆವೆಗ್ ಅಣ್ಣನಿಗೆ,

ನೀನು ಕಳಿಸಿದ ಬಿಡಿಭಾಗಗಳ ಪೆಟ್ಟಿಗೆ ನಿನ್ನೆ ಬಂತು. ಉಣ್ಣೆ ಲಾರಿಯವನು ಅದನ್ನು ಇಳಿಸಿ, ನೀನು ಹೇಳಿ ಕಳಿಸಿದ ಮಾತನ್ನೂ ಒಪ್ಪಿಸಿದ. ಹಳೇ ವ್ಯಾನನ್ನು ಗುಜರಿಗೆ ಹಾಕಬೇಕಂತೆ, ಪಟ್ಟಣಕ್ಕೆ ಬಂದು ನಿನ್ನ ಟಿಕೆಟ್ ಕಿಟಕಿಯಲ್ಲಿ ಒಲೆ ಪಕ್ಕ ಬೆಚ್ಚಗೆ ಕೂರಬೇಕಂತೆ. ನಿನಗೆ ಕೊಡಬೇಕಾದ ಉತ್ತರವನ್ನು ಲಾರಿಯವನ ಬಾಯಲ್ಲಿ ಕಳಿಸುವಷ್ಟು ಅಗ್ಗ ಮಾಡಲು ನನಗೆ ಮನಸ್ಸಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಬೂದು ಬಣ್ಣದ ರಷ್ಯನ್ ವ್ಯಾನು ಮೊದಲು ನಿನ್ನದೇ ಆಗಿತ್ತು. ನನಗೆ ಹತ್ತೊಂಬತ್ತು ವರ್ಷ ಇದ್ದಾಗ ನೀನೇ ಇದರ ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟೆ. ರಾತ್ರಿ ರೇಡಿಯೇಟರಿನ ನೀರನ್ನು ಕೊನೆಯ ಹನಿವರೆಗೆ ಇಳಿಸುವುದು, ಬ್ಯಾಟರಿಯನ್ನು ಬಿಚ್ಚಿ ಗುಡಾರದೊಳಗೆ ಹಾಸಿಗೆಯ ಪಕ್ಕ ಮಲಗಿಸುವುದು, ಬೆಳಿಗ್ಗೆ ಸೀಮೆಎಣ್ಣೆ ಬರ್ನರನ್ನು ಎಂಜಿನ್ನಿನ ಹೊಟ್ಟೆಯ ಕೆಳಗಿಟ್ಟು ಎಣ್ಣೆ ಕರಗುವ ತನಕ ಮೊಣಕಾಲೂರಿ ಕೂರುವುದು, ಎಲ್ಲ ನೀನು ಕಲಿಸಿದ್ದು. ಒಂದು ಸಲ ನಾನು ಅವಸರ ಮಾಡಿ, ಎಣ್ಣೆ ಇನ್ನೂ ಅಂಟಾಗಿದ್ದಾಗಲೇ ಎಂಜಿನ್ ಶುರುಮಾಡುವ ಹ್ಯಾಂಡಲ್ ತಿರುಗಿಸಲು ಹೋದೆ. ಅದು ಹಿಂದಕ್ಕೆ ಒದ್ದು ನನ್ನ ಮಣಿಕಟ್ಟು ಮುರಿಯಿತು. ನೀನು ಕಟ್ಟು ಹಾಕುತ್ತ, "ಗಾಡೀನ ಬೈಬೇಡ. ಅದು ನಿನಗೆ ಮೊದಲೇ ಹೇಳ್ತಾ ಇತ್ತು, ನೀನೇ ಕೇಳಿಸ್ಕೊಳ್ಲಿಲ್ಲ" ಅಂದೆ. ಆ ಕಟ್ಟು ಬಿಚ್ಚಿದ ದಿನ ಇನ್ನೊಂದು ಮಾತು ಹೇಳಿದೆ: "ಚಳಿಗಾಲದಲ್ಲಿ ಎರಡು ಗಾಡಿ ಅಂದ್ರೆ ಒಂದೇ ಗಾಡಿ. ಒಂದು ನಿಂತ್ರೆ ಇನ್ನೊಂದೂ ನಿಂತ ಹಾಗೆ." ಹನ್ನೊಂದು ಚಳಿಗಾಲ ನಾವು ಹಾಗೇ ಓಡಿಸಿದೆವು. ನೀನು ಹೊಸ ಜಪಾನಿ ಗಾಡಿ ಕೊಂಡು, ಇದನ್ನು ನನಗೆ ಕೊಟ್ಟ ಮೇಲೂ ಹಾಗೇ.

ಈಗ ಬೋರ್ ಕಣಿವೆಯಲ್ಲಿ ನನ್ನ ಗಾಡಿ ಕೆಟ್ಟು ನಿಂತ ಆ ದಿನದ ಮಾತು. ನೀನು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿರುವುದು ನನ್ನ ಕಿವಿಗೆ ಬಿದ್ದಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿತ್ತು. ನನ್ನ ವ್ಯಾನಿನಲ್ಲಿ ಮಗಳ ಮನೆಗೆ ಹೊರಟ ಯಾಂಜ್ಮಾ ಅಜ್ಜಿ, ಲೆಕ್ಕದ ಮೇಷ್ಟ್ರು ಗೊಂಚಿಗ್, ಮತ್ತೆ ಅವರ ಮೂಟೆಗಳು. ಹಿಟ್ಟಿನ ಚೀಲಕ್ಕೆ ಜಾಗ ಸಾಲದೆ ನನ್ನ ಬಿಡಿಭಾಗಗಳ ಪೆಟ್ಟಿಗೆಯನ್ನು ನಿನ್ನ ಗಾಡಿಗೆ ಹಾಕಿದೆವು. ನೀನೇ ಎತ್ತಿಟ್ಟೆ. ನಿನ್ನ ಗಾಡಿಯಲ್ಲಿ ಸಭೆಗೆ ಹೊರಟಿದ್ದ ಒಬ್ಬ ಜಿಲ್ಲಾ ಅಧಿಕಾರಿ ಇದ್ದ, ಹೊರಟಾಗಿನಿಂದ ಗಡಿಯಾರ ನೋಡುತ್ತಿದ್ದ.

ಬೋರ್ ಕಣಿವೆಯ ನೆತ್ತಿಯಲ್ಲಿ ದಾರಿಹೋಕರು ಕೈಮುಗಿಯುವ ಕಲ್ಲುಗುಡ್ಡೆಗೆ ಮೂರು ಸುತ್ತು ಹಾಕಿ ಇಳಿಯಲು ತೊಡಗಿದಾಗ ನನ್ನ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ನಡುಮಧ್ಯಾಹ್ನ. ಗಾಳಿ ಎದ್ದಿತ್ತು, ಹಿಮ ನೆಲದ ಮೇಲೆ ಹೊಗೆಯ ಹಾಗೆ ಹರಿಯುತ್ತಿತ್ತು. ನೀನು ಹಿಂದಿನಿಂದ ಬಂದು ಪಕ್ಕಕ್ಕೆ ನಿಲ್ಲಿಸಿದೆ. ಇಳಿಯಲಿಲ್ಲ ಅಣ್ಣ. ಗಾಜನ್ನು ಒಂದು ಗೇಣು ಇಳಿಸಿದೆ, ಅಷ್ಟೆ. ಒಳಗಿನ ಬಿಸಿ ಗಾಳಿ ನನ್ನ ಮುಖಕ್ಕೆ ತಾಗಿತು. "ಕಾಯಿಲ್ ಹೋಗಿರುತ್ತೆ. ಇವರನ್ನ ಕೆಳಗೆ ಬಿಟ್ಟು ಎರಡು ಗಂಟೇಲಿ ಬರ್ತೀನಿ" ಅಂದೆ. ನಾನು ಏನು ಹೇಳಿದೆ, ನೆನಪಿದೆಯಾ? "ಅಣ್ಣಾ, ಒಂದು ನಿಮಿಷ ನೋಡು" ಅಂದೆ. ಅಷ್ಟು ಹೇಳುವಷ್ಟರಲ್ಲಿ ಗಾಜು ಮೇಲೇರಿತ್ತು. "ನೀನು ಹೋಗು, ನಾನು ನೋಡ್ಕೋತೀನಿ" ಅಂತ ನಾನೇ ನಿನ್ನನ್ನು ಕಳಿಸಿದೆ ಎಂದು ಅಂಗಡಿಯಲ್ಲಿ ಹೇಳಿದೆಯಂತೆ. ನಾನು ಹಾಗೆ ಹೇಳಲಿಲ್ಲ.

ಕಾಯಿಲ್ ಚೆನ್ನಾಗಿಯೇ ಇತ್ತು, ಕಿಡಿ ಸರಿಯಾಗಿ ಹಾರುತ್ತಿತ್ತು. ಈ ವ್ಯಾನಿನ ಎಂಜಿನ್ ಮುಂದಿನ ಎರಡು ಸೀಟುಗಳ ನಡುವೆಯೇ ಕೂತಿರುತ್ತದಲ್ಲ, ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲ್ ಎಳೆಯುವ ಪಂಪಿನೊಳಗಿನ ರಬ್ಬರ್ ಪೊರೆ ಚಳಿಗೆ ಹಪ್ಪಳವಾಗಿ ಒಡೆದಿತ್ತು. ಹೊಸ ಪೊರೆ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ನಿನ್ನ ಹತ್ತಿರ ಇತ್ತು. ನೀನು ಆ ಒಂದು ನಿಮಿಷ ಇಳಿದಿದ್ದರೆ ಅರ್ಧ ಗಂಟೆಯ ಕೆಲಸ.

ಎರಡು ಗಂಟೆ ಕಾದೆವು. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಎಂಜಿನ್ ಆರುತ್ತಿದ್ದಂತೆ ರೇಡಿಯೇಟರ್ ಹೆಪ್ಪುಗಟ್ಟಿ ಬಿರಿಯುತ್ತದೆಂದು ನೀರನ್ನು ಡಬ್ಬಕ್ಕೆ ಇಳಿಸಿಕೊಂಡೆ. ಹಿಮ ಗಾಜನ್ನು ಒಳಗಿನಿಂದಲೂ ಮುಚ್ಚಿತು. ಮೇಷ್ಟ್ರು ಕನ್ನಡಕ ಒರೆಸುತ್ತ ಒರೆಸುತ್ತ, ನಿಮ್ಮಣ್ಣ ಬರುತ್ತಾನೆ ತಾನೇ ಎಂದು ನಾಲ್ಕು ಸಲ ಕೇಳಿದರು. ನಾನು ನಾಲ್ಕು ಸಲವೂ ಹೂಂ ಅಂದೆ. ನಾಲ್ಕನೆಯ ಸಲ ಅದು ಸುಳ್ಳೆಂದು ನನಗೆ ಗೊತ್ತಾಗಿತ್ತು.

ಆಮೇಲೆ ಅಜ್ಜಿಯೇ ಅಂದಳು: "ಮಗಳೇ, ಬರೋರನ್ನ ಕಾಯೋದು ಬಿಡು. ಹೋಗೋಕೆ ಏನು ಬೇಕು ಹೇಳು."

ಬೇಕಾಗಿದ್ದದ್ದು ಪೆಟ್ರೋಲ್ ಪಂಪಿಲ್ಲದೆ ಮೇಲಿನಿಂದ ತಾನಾಗಿಯೇ ಕಾರ್ಬ್ಯುರೇಟರಿಗೆ ಇಳಿಯುವ ದಾರಿ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕೊಳವೆ ನನ್ನ ಬಳಿ ಇತ್ತು. ಅದನ್ನು ಐದು ಲೀಟರ್ ಡಬ್ಬಕ್ಕೆ ಸೇರಿಸಿದೆ. ಚಾವಣಿಗೆ ಕಟ್ಟೋಣವೆಂದರೆ ಕೊಳವೆ ಒಂದು ಮೊಳ ಗಿಡ್ಡ. ಯಾರಾದರೂ ಒಳಗೇ ಕೂತು ಡಬ್ಬವನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಗಾಳಿ ದಾರಿಯನ್ನು ಅಳಿಸಿದ್ದ ಕಡೆಯೆಲ್ಲ ಮೇಷ್ಟ್ರು ಸಲಿಕೆ ಹಿಡಿದು ಇಳಿದು ಮುಂದೆ ನಡೆಯಬೇಕಿತ್ತು. ಉಳಿದವಳು ಎಪ್ಪತ್ತೊಂದು ವರ್ಷದ ಯಾಂಜ್ಮಾ ಅಜ್ಜಿ. ಅವಳು ಸೊಂಟಪಟ್ಟಿ ಬಿಗಿದುಕೊಂಡು ಡಬ್ಬ ಎತ್ತಿದಳು.

ಬರ್ನರನ್ನು ಹೊರಗೆ, ಗಾಡಿಯಿಂದ ದೂರ ಹಚ್ಚಿ ನೀರು ಕಾಯಿಸಿ ರೇಡಿಯೇಟರಿಗೆ ಸುರಿದೆ. ಹ್ಯಾಂಡಲ್ ತಿರುಗಿಸಿದೆ. ಏಳನೆಯ ಸುತ್ತಿಗೆ ಎಂಜಿನ್ ಹಿಡಿಯಿತು. ನಾಲ್ಕೂ ಚಕ್ರಗಳಿಗೆ ಬಲ ಕೊಟ್ಟು, ಅತಿ ಕೆಳಗಿನ ಗೇರಿನಲ್ಲಿ, ಬ್ರೇಕನ್ನು ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ಇಳಿಸಿದೆ. ಇಪ್ಪತ್ತನಾಲ್ಕು ಕಿಲೋಮೀಟರ್. ಎರಡು ಕಡೆ ಗಾಡಿ ಹಿಮದಲ್ಲಿ ಹೂತುಹೋಯಿತು. ಮೇಷ್ಟ್ರು ಸಲಿಕೆಯಿಂದ ಬಿಡಿಸಿದರು, ಮಂಡಿಯುದ್ದ ಹಿಮದಲ್ಲಿ ಬಿದ್ದೆದ್ದರು, ಒಮ್ಮೆಯೂ ಗೊಣಗಲಿಲ್ಲ. ಅಜ್ಜಿ ಕೈ ಬದಲಿಸುತ್ತ ಹಿಡಿದೇ ಇದ್ದಳು. ಸುಸ್ತಾಯಿತಾ ಎಂದು ಕೇಳಿದರೆ, ಕಡಿವಾಣ ಹರಿದ ಕುದುರೆಯನ್ನು ಇದಕ್ಕಿಂತ ಹೊತ್ತು ಹಿಡಿದಿದ್ದೇನೆ, ನೀನು ದಾರಿ ನೋಡು ಅಂದಳು. ಕೊಳವೆಯ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕಿ ಅವಳ ಕೈಗವಸಿನೊಳಗೆ ಇಳಿಯುತ್ತಿದ್ದುದನ್ನು ಅವಳು ಹೇಳಲೇ ಇಲ್ಲ.

ಕತ್ತಲಾಗಿ ಎಷ್ಟೋ ಹೊತ್ತಾದ ಮೇಲೆ ದಾರಿ ಕಾವಲುಗಾರನ ಮನೆ ಕಂಡಿತು. ಅದರ ಮುಂದೆ ನಿನ್ನ ಗಾಡಿ ನಿಂತಿತ್ತು, ಮೂತಿಗೆ ದಪ್ಪ ಕಂಬಳಿ ಹೊದಿಸಿಕೊಂಡು. ನೀನು ಪಟ್ಟಣಕ್ಕೂ ಹೋಗಿರಲಿಲ್ಲ. ಒಳಗೆ ಬಂದರೆ ಒಲೆಯ ಮುಂದೆ ಕೂತು ಕುರಿಮಾಂಸದ ಸಾರು ಕುಡಿಯುತ್ತಿದ್ದೆ. ಅಧಿಕಾರಿ ಗೊರಕೆ ಹೊಡೆಯುತ್ತಿದ್ದ. ನೀನು ಎದ್ದು ನಿಂತು ಅಂದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಬಂದ್ಯಾ? ನೀನು ಬಂದೇ ಬರ್ತೀಯ ಅಂತ ನಂಗೆ ಗೊತ್ತಿತ್ತು."

ಅದನ್ನು ಹೊಗಳಿಕೆಯ ಹಾಗೆ ಹೇಳಿದೆ. ನಾನು ಉತ್ತರ ಕೊಡುವ ಮೊದಲು ಕಾವಲುಗಾರನ ಹೆಂಡತಿ ಅಜ್ಜಿಯ ಬಲಗೈ ಗವಸು ಎಳೆದಳು. ಎರಡು ಬೆರಳುಗಳ ತುದಿ ಮೇಣದ ಹಾಗೆ ಬೆಳ್ಳಗಾಗಿತ್ತು. ಆ ಚಳಿಯಲ್ಲಿ ಪೆಟ್ರೋಲ್ ತಗುಲಿದರೆ ಚರ್ಮ ಏನಾಗುತ್ತದೆಂದು ನನಗೆ ಕಲಿಸಿದವನು ನೀನು. ನೀನು ನೋಡಿದೆ. ನೋಡಿ, ಗಾಡಿಗೆ ಹೊದಿಕೆ ಸರಿಯಾಗಿದೆಯಾ ಎಂದು ನೋಡಿ ಬರುವ ನೆಪದಲ್ಲಿ ಹೊರಗೆ ಹೋದೆ.

ಆಸ್ಪತ್ರೆಯಲ್ಲಿ ಎರಡೂ ತುದಿ ತೆಗೆದರು. ನಾನು ಅಳುತ್ತ ಕೂತಿದ್ದರೆ ಅಜ್ಜಿಯೇ ಗದರಿದಳು. "ಇನ್ನೂ ಎಂಟು ಬೆರಳು ಗಟ್ಟಿ ಇವೆ ಕಣೇ, ಹಾಲು ಕರೆಯೋಕೆ ಸಾಕು. ನೀನು ಗಾಡಿ ಓಡಿಸೋದನ್ನ ನಿಲ್ಲಿಸಿದ್ರೆ ಮಾತ್ರ ಇದು ದಂಡವಾಗುತ್ತೆ."

ಅಣ್ಣ, ನೀನು ಹೆದರಿದ್ದೆ. ನನಗೆ ಗೊತ್ತು. ಆ ಗಾಳಿಗೆ ನಾನೂ ಹೆದರಿದ್ದೆ, ಹೆದರಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಹೆದರಿಕೆಯನ್ನು ಮುಚ್ಚಲು ನನ್ನ ಬಾಯಿಗೆ ನಾನಾಡದ ಮಾತು ತುರುಕಿದೆಯಲ್ಲ, ಅದಕ್ಕೆ. ಅಮ್ಮ ಸುಮ್ಮನಿರು ಅನ್ನುತ್ತಾಳೆ, ಒಡಹುಟ್ಟಿದವರ ಜಗಳ ಊರ ಬಾಯಿಗೆ ಬೀಳಬಾರದಂತೆ. ನಾನು ಸುಮ್ಮನಿರುವುದಿಲ್ಲ. ಮೊನ್ನೆ ಅದೇ ಅಂಗಡಿಗೆ ಹೋಗಿ, ನೀನು ಹೇಳಿಕೊಂಡ ಅದೇ ಜನರ ಮುಂದೆ ನಿಂತು, ನಡೆದದ್ದನ್ನು ಹೇಳಿ ಬಂದೆ. ಮೇಷ್ಟ್ರು ನನ್ನ ಪಕ್ಕದಲ್ಲಿ ನಿಂತಿದ್ದರು. ಯಾರೂ ನಗಲಿಲ್ಲ.

ನಿನ್ನ ಟಿಕೆಟ್ ಕಿಟಕಿ ನನಗೆ ಬೇಡ. ವ್ಯಾನಿಗೆ ಹೊಸ ಪೊರೆ ಹಾಕಿದ್ದೇನೆ, ಚಕ್ರಗಳಿಗೆ ಸರಪಳಿ ಬಿಗಿದಿದ್ದೇನೆ. ನಾಳೆ ಬೆಳಿಗ್ಗೆ ಆರು ಜನರನ್ನು ಹತ್ತಿಸಿಕೊಂಡು ಅದೇ ಕಣಿವೆ ದಾಟುತ್ತೇನೆ. ಜೊತೆಗೆ ಗೊಂಚಿಗ್ ಮೇಷ್ಟ್ರ ಅಳಿಯನ ಹಳೇ ಜೀಪು ಬರುತ್ತದೆ.

ಹೊಸ ವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಹನ್ನೆರಡು ದಿನ ಇದೆ. ಕಿರಿಯಳಾದ ನಾನು ನಿನ್ನ ಮನೆಗೆ ಬಂದು, ನಿನ್ನ ಮೊಣಕೈಗಳ ಕೆಳಗೆ ಕೈಯಿಟ್ಟು, ಸುಖವಾಗಿದ್ದೀಯಾ ಎಂದು ಕೇಳಬೇಕು. ಈ ಸಲ ಬರುವುದಿಲ್ಲ. ಮೊದಲು ನೀನು ಯಾಂಜ್ಮಾ ಅಜ್ಜಿಯ ಗುಡಾರಕ್ಕೆ ಹೋಗು. ಅವಳು ನಿನಗಿಂತ ಹಿರಿಯಳು, ಅವಳ ಕೈಗಳ ಕೆಳಗೆ ನಿನ್ನ ಕೈಗಳನ್ನಿಡು. ಬಲಗೈಯನ್ನು ನೋಡು. ಅವಳು ಮಾಂಸ ತುಂಬಿದ ಬೂಜ್ ಕಡುಬು ಬಡಿಸಿದರೆ ತಿನ್ನು, ಬೈದರೆ ಬೈಸಿಕೋ. ನೀನು ಹೋಗಿ ಬಂದೆಯೆಂದು ಅವಳ ಬಾಯಿಂದ ಕೇಳಿದ ದಿನ ನಾನು ನಿನ್ನ ಬಾಗಿಲಿಗೆ ಬರುತ್ತೇನೆ.

ಅಲ್ಲಿಯ ತನಕ ದಾರಿಯಲ್ಲಿ ಎಲ್ಲಾದರೂ ನಿನ್ನ ಗಾಡಿ ನಿಂತದ್ದು ಕಂಡರೆ ನಾನು ನಿಲ್ಲಿಸುತ್ತೇನೆ, ಇಳಿಯುತ್ತೇನೆ, ನಿನ್ನನ್ನು ಮನೆ ಮುಟ್ಟಿಸುತ್ತೇನೆ. ಅದನ್ನು ಕ್ಷಮೆ ಎಂದು ಎಣಿಸಬೇಡ.

ನಿನ್ನ ದಾರಿಯಲ್ಲಿ ಗಾಳಿ ಅಡಗಿರಲಿ, ನಿನ್ನ ಎಂಜಿನ್ ಬೆಚ್ಚಗಿರಲಿ.

ಇಂತಿ,
ಬೂದು ವ್ಯಾನನ್ನು ಇನ್ನೂ ಓಡಿಸುತ್ತಿರುವ ನಿನ್ನ ತಂಗಿ,
ದುಲಮ್‌ಸುರೆನ್