ಹತ್ತಿ ತುಂಬಿದ ಚಡ್ಡಿಗೆ ನನ್ನ ಸಮಜಾಯಿಷಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ತಮ್ಮ ನೋಟಿಸು ನನ್ನ ಹೊಲಿಗೆ ಅಂಗಡಿಗೆ ಬಂದು ಇಂದಿಗೆ ಐದು ದಿನ. "ಶಾಲಾ ಸಮವಸ್ತ್ರದ ಚಡ್ಡಿಯ ಹಿಂಭಾಗದಲ್ಲಿ ಅನುಮತಿಯಿಲ್ಲದೆ ಹೆಚ್ಚುವರಿ ಪದರ ಹೊಲಿದಿರುವ ಬಗ್ಗೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು" ಎಂದು ಅದರಲ್ಲಿದೆ. ಓದಿ ಎಷ್ಟು ನಕ್ಕೆನೆಂದರೆ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ. ಎರಡನೇ ತರಗತಿಯ ಮೇಷ್ಟ್ರು ನನ್ನ ಮೊಮ್ಮಗನೂ ಸೇರಿದಂತೆ ಏಳು ವರ್ಷದ ಮಕ್ಕಳನ್ನು ಬೆತ್ತದಲ್ಲಿ ಬಾರಿಸುತ್ತಾರೆಂದು ನಾನು ಕೊಟ್ಟ ದೂರು, ನಾನು ಚಡ್ಡಿ ಹೊಲಿದೆನೆಂದು ಶಾಲೆಯವರು ಕೊಟ್ಟ ದೂರು, ಎರಡೂ ಒಂದೇ ದಿನ ತಮ್ಮ ಕಚೇರಿಗೆ ಬಂದಿದ್ದವು. ಚಡ್ಡಿಗೆ ಮೂರೇ ದಿನದಲ್ಲಿ ಕ್ರಮ! ನನ್ನದೇನಾಯಿತೆಂದು ತಮ್ಮ ಗುಮಾಸ್ತರನ್ನು ಕೇಳಿದೆ. "ಪರಿಶೀಲನೇಲಿದೆ ಅಮ್ಮಾ. ಹೊಡೆತ ಅಂದ್ರೆ ಟೈಮ್ ಹಿಡಿಯುತ್ತೆ. ಚಡ್ಡಿ ಆದ್ರೆ ಕಣ್ಣಿಗೆ ಕಾಣುತ್ತೆ ನೋಡಿ" ಎಂದರು.

ಸಮಜಾಯಿಷಿ ಕೇಳಿದ್ದೀರಿ, ಕೊಡುತ್ತೇನೆ. ಶಾಲೆ ತೆರೆದು ಎರಡು ವಾರವಾಗಿತ್ತು. ಬಟ್ಟೆ ಕತ್ತರಿಸುವ ಮೇಜಿನ ಆಚೆ ಒಂದು ತಲೆ ಇಣುಕಿತು. ತಲೆಯೆಂದರೆ ಬರೀ ಕೂದಲು, ಮಿಕ್ಕಿದ್ದು ಮೇಜಿನ ಎತ್ತರಕ್ಕೆ ಇನ್ನೂ ಬೆಳೆದಿರಲಿಲ್ಲ. ಹೊಚ್ಚ ಹೊಸ ಚಡ್ಡಿಯೊಂದು ಮೇಜಿನ ಮೇಲೆ ಬಂದು ಬಿತ್ತು.

"ಅಜ್ಜೀ, ಇದರ ಹಿಂದ್ಗಡೆ ಇನ್ನೊಂದು ಬಟ್ಟೆ ಹಾಕಿಕೊಡ್ತೀರಾ? ದಪ್ಪದ್ದು."

"ಯಾಕೋ ಮರಿ, ಜಾರುಬಂಡೆ ಆಡಿ ಸವೆಸ್ಬಿಡ್ತೀಯಾ?"

ಕೂದಲು ಸ್ವಲ್ಪ ಹೊತ್ತು ಯೋಚಿಸಿತು. "ಹೂಂ. ಜಾರುಬಂಡೆನೇ."

ಹಾಕಿಕೊಟ್ಟೆ. ಮಾರನೆಯ ದಿನ ಮೂವರು ಬಂದರು, ವಾರದೊಳಗೆ ಹನ್ನೊಂದು ಜನ. ಎಲ್ಲರೂ ಜಾರುಬಂಡೆಯವರೇ! ಒಬ್ಬನಂತೂ ಹಳೇ ರಜಾಯಿಯ ಹತ್ತಿಯನ್ನು ಕೈಯಲ್ಲೇ ಹಿಡಿದು ತಂದಿದ್ದ. ನಾನೋ, ಕಸುಬಿನ ಹೆಮ್ಮೆಯಲ್ಲಿ ಉಬ್ಬಿಹೋಗಿ, ಹತ್ತಿ ಅಲುಗದಂತೆ ಚೌಕ ಚೌಕವಾಗಿ ಹೊಲಿಗೆ ಹಾಕಿ ಕೊಟ್ಟೆ. ಅವನು ಬೀದಿಯಲ್ಲಿ ಬಾತುಕೋಳಿಯ ಹಾಗೆ ನಡೆದುಹೋಗುವುದನ್ನು ಕಂಡು ನಾನೂ ಎದುರಂಗಡಿಯ ಚಪ್ಪಲಿ ಹೊಲಿಯುವವನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಸವೆಯದ ಚಡ್ಡಿಗೆ ತೇಪೆ ಯಾಕೆಂದು ಈ ಮಂಕುತಲೆಗೆ ಹೊಳೆಯಲೇ ಇಲ್ಲ. ನಲವತ್ತು ವರ್ಷ ಬಟ್ಟೆ ನೋಡಿದ ಕಣ್ಣು ಬಟ್ಟೆಯನ್ನಷ್ಟೇ ನೋಡಿತು. ಆ ಶಾಲೆಯಲ್ಲಿ ಜಾರುಬಂಡೆಯೇ ಇಲ್ಲವೆಂದು ಗೊತ್ತಾದದ್ದು ಆಮೇಲೆ.

ಗುಟ್ಟು ಹೊರಬಿದ್ದ ದಿನ ನನ್ನ ಮೊಮ್ಮಗ ಕುಣಿಯುತ್ತ ಬಂದು ವರದಿ ಒಪ್ಪಿಸಿದ. "ಅಜ್ಜೀ, ಮೇಷ್ಟ್ರು ಹೊಡೆದ್ರೆ ಯಾವಾಗ್ಲೂ ಚಟ್ ಅನ್ನುತ್ತೆ. ಇವತ್ತು ದುಪ್ ಅಂತು! ಇನ್ನೊಂದ್ಸಲ ಹೊಡೆದ್ರು, ಮತ್ತೆ ದುಪ್! ಧೂಳು ಬೇರೆ ಎದ್ತು. ಎಲ್ಲಾರೂ ನಕ್ಬಿಟ್ವಿ. ಏಟು ತಿಂದೋನೂ ನಕ್ಬಿಟ್ಟ!" ನಾನೂ ನಕ್ಕೆ. ಅರ್ಧ ನಕ್ಕ ಮೇಲೆ ಅವನು ಹೇಳಿದ್ದು ತಲೆಗೆ ಹೋಯಿತು.

"ದಿನಾ ಹೊಡೀತಾರೇನೋ?"

"ದಿನಾ ಅಲ್ಲಜ್ಜಿ. ಭಾನುವಾರ ಇಲ್ಲ."

ಗೆಳೆಯರನ್ನೆಲ್ಲ ನನ್ನ ಹತ್ತಿರ ಕಳುಹಿಸಿದವನು ಇವನೇ. ತನ್ನ ಚಡ್ಡಿಗೆ ಮಾತ್ರ ಪದರ ಕೇಳಿರಲಿಲ್ಲ. ಯಾಕೋ ಎಂದರೆ, "ನಿಂಗೆ ಗೊತ್ತಾದ್ರೆ ಅಳ್ತೀಯ ಅಂತ" ಎಂದ.

ಅವತ್ತೇ ಸಂಜೆ ಮುಖ್ಯೋಪಾಧ್ಯಾಯರ ಕೋಣೆಗೆ ಹೋದೆ. ಅವರು ಬೆತ್ತದ ಮಾತೇ ಎತ್ತಲಿಲ್ಲ. "ಏನಮ್ಮಾ, ಯೂನಿಫಾರ್ಮ್ ಅಂದ್ರೆ ಎಲ್ಲರದ್ದೂ ಒಂದೇ ಥರ ಇರ್ಬೇಕು ತಾನೇ?" ಎಂದರು. ನಿಜ ಸ್ವಾಮಿ, ಏಟೂ ಎಲ್ಲರಿಗೂ ಒಂದೇ ಸಮ ತಾಗಬೇಕು, ಸಮಾನತೆಯ ಪ್ರಶ್ನೆ! ಮಾನ್ಯರೇ, ತಾವು ವಿದ್ಯಾವಂತರು, ನನಗೆ ತಿಳಿಸಿಕೊಡಿ. ಮರೆತ ಮಗ್ಗಿ ಹಿಂಭಾಗದಿಂದ ಹೊರಟು ತಲೆಗೆ ಏರುವ ದಾರಿ ಯಾವುದು? ನನ್ನ ಹತ್ತಿ ಅಡ್ಡ ಬಂದು ಎಷ್ಟು ವಿದ್ಯೆ ಪೋಲಾಯಿತೆಂದು ಇಲಾಖೆ ಲೆಕ್ಕ ಹಾಕಿದೆಯೇ? ನನ್ನಲ್ಲಿ ಕೆಲಸ ಕಲಿಯಲು ಬಂದ ಹುಡುಗಿಯರು ತೋಳನ್ನು ತಿರುವುಮುರುವಾಗಿ ಕೂರಿಸಿದ್ದಾರೆ, ಮದುವೆಯ ರವಿಕೆಯನ್ನು ಸುಟ್ಟಿದ್ದಾರೆ. ಬೈದಿದ್ದೇನೆ, ಬಿಚ್ಚಿ ಹೊಲಿ ಎಂದಿದ್ದೇನೆ, ಕೈ ಎತ್ತಿಲ್ಲ. ಈಗ ಅವರೆಲ್ಲ ನನಗಿಂತ ಚೆನ್ನಾಗಿ ಹೊಲಿಯುತ್ತಾರೆ, ಅದೊಂದು ಹೊಟ್ಟೆಕಿಚ್ಚು ನನಗಿದೆ.

ನೋಟಿಸಿಗೆ ಹೆದರಿ ಹನ್ನೊಂದು ಚಡ್ಡಿಗಳ ಪದರವನ್ನೂ ಬಿಚ್ಚಿಕೊಟ್ಟೆ. ಅದು ನಾನು ಮಾಡಿದ ತಪ್ಪು. ಆದರೂ ಮೇಷ್ಟ್ರಿಗೆ ಚಡ್ಡಿಗಳ ಮೇಲಿನ ನಂಬಿಕೆಯೇ ಹೋಗಿದೆಯಂತೆ, ಈಗ ಅಂಗೈಗೆ ಹೊಡೆಯುತ್ತಿದ್ದಾರೆ. ನಿನ್ನೆ ಸಂಜೆ ಮೊಮ್ಮಗನಿಗೆ ಹಾಲಿನ ಲೋಟ ಹಿಡಿಯಲಾಗಲಿಲ್ಲ. ನಾನೇ ಕುಡಿಸಿದೆ. ಇನ್ನು ಶಾಲೆಗೆ ಹೋಗುವುದಿಲ್ಲವೆಂದು ಅಳುತ್ತಾನೆ ಅಂದುಕೊಂಡೆ. ಅಳಲಿಲ್ಲ. ಬಾಯಿ ಒರೆಸಿಕೊಂಡು ಹೊಲಿಗೆ ಯಂತ್ರದ ಪಕ್ಕ ಬಂದ, ಊದಿಕೊಂಡಿದ್ದ ಕೈಯನ್ನು ನನ್ನ ಮುಂದೆ ಚಾಚಿದ.

"ಅಜ್ಜೀ, ಅಂಗೈಗೂ ಒಂದು ಪದರ ಹಾಕ್ಕೊಡು. ನಮ್ಮ ಮೈಬಣ್ಣದ ಬಟ್ಟೆ ಹಾಕು, ಮೇಷ್ಟ್ರಿಗೆ ಗೊತ್ತಾಗಲ್ಲ."

ಅವನ ಮೈಬಣ್ಣದ ಬಟ್ಟೆ ನನ್ನ ಅಂಗಡಿಯಲ್ಲಿದೆ, ಮಾನ್ಯರೇ. ಟೇಪು ಕೊರಳಲ್ಲೇ ಇತ್ತು. ಇಷ್ಟು ದಿನ ನಕ್ಕವಳು ಆಗ ಜೋರಾಗಿ ಅತ್ತುಬಿಟ್ಟೆ.

ನನ್ನ ಸಮಜಾಯಿಷಿ ಮುಗಿಯಿತು, ಈಗ ತಮ್ಮದು ಬೇಕು. ಏಳು ದಿನ ಕೊಡಲಾರೆ, ನಾಳೆ ಬೆಳಿಗ್ಗೆ ಮತ್ತೆ ಶಾಲೆಯಿದೆ. ಶಾಲೆಯ ಗಂಟೆ ಬಾರಿಸುವ ಮೊದಲು ಆ ಮೇಷ್ಟ್ರು ಮಕ್ಕಳ ಕೋಣೆಯಿಂದ ಹೊರಗಿರಬೇಕು. ಈ ಪತ್ರದ ಒಂದು ಪ್ರತಿ ತಮ್ಮ ಗುಮಾಸ್ತರಿಗೆ, ಇನ್ನೊಂದು ನನ್ನ ಅಂಗಡಿಯ ಬಾಗಿಲಿಗೆ, ಬೀದಿಯವರೆಲ್ಲ ಓದಲಿ. ತಮ್ಮಿಂದ ಅದಾಗದಿದ್ದರೆ, ಏಳು ವರ್ಷದ ಅಂಗೈಗೆ ಎಷ್ಟು ಪದರ ಹೊಲಿಯಬಹುದೆಂದು ತಮ್ಮ ಮೊಹರು ಹಾಕಿ ಬರೆದುಕೊಡಿ. ಈ ಸಲ ಅನುಮತಿ ಕೇಳಿಯೇ ಹೊಲಿಯುತ್ತೇನೆ.

ಇಂತಿ,
ಮೊಮ್ಮಗನ ಅಂಗೈಯ ಅಳತೆ ತೆಗೆಯಲು ಕೈ ಬಾರದ
ಹೊಲಿಗೆ ಅಂಗಡಿಯ ಅಜ್ಜಿ