ಕೋಡಂಗಿ ಮೀನಿನ ಕಡೆಯವನು

ಏಪ್ರಿಲ್ ೧೧, ಶನಿವಾರ

ಬೆರಳು ಇನ್ನೂ ಚುರುಚುರು ಎನ್ನುತ್ತಿದೆ. ಕಚ್ಚಿದ್ದು ಯಾರು? ಯಾರ ಪರವಾಗಿ ಜಗಳಕ್ಕೆ ನಿಂತೆನೋ ಅದೇ ಕೋಡಂಗಿ ಮೀನು, ಬಿಳಿ ಪಟ್ಟೆಯ ಕ್ಲೌನ್‌ಫಿಶ್!

ನೀರು ಕದಡುವ ತಿಂಗಳಲ್ಲೂ ತಿಳಿಯಾಗುವ ತಿಂಗಳಲ್ಲೂ ಮುಳುಗಿ, ಹವಳದ ದಿಬ್ಬದ ಆ ಮೀನಿನ ಜೋಡಿಯ ಫೋಟೊ ತೆಗೆಯುತ್ತ ಬಂದಿದ್ದೇನೆ. ಈಗ ಬಂಡೆಗೆ ಮೊಟ್ಟೆ ಅಂಟಿಸಿವೆ; ಒಳಗಿನ ಪುಟ್ಟ ಕಣ್ಣುಗಳೂ ಕಾಣುತ್ತವೆ. ಗಂಡು ಕಾವಲಿಗಿದೆ. ಇವತ್ತು ದೋಣಿಯವನು ಪ್ರವಾಸಿಗರ ಕ್ಯಾಮೆರಾಕ್ಕೆ ಮೀನು ಚೆನ್ನಾಗಿ ಕಾಣಲೆಂದು ಕೋಲಿನಿಂದ ತಿವಿದು ಎಬ್ಬಿಸಲು ಹೋದ. ನಾನು ಅಡ್ಡ ಬಂದು ಕೋಲು ಹಿಡಿದುಕೊಂಡೆ. ಆಗಲೇ ಕಚ್ಚಿತು, ನನ್ನನ್ನೇ.

ನಾನು ಮೇಲೆ ಬಂದೊಡನೆ ದೋಣಿಯವನು ಕೂಗಾಡಿದ: "ಮೀನೇನು ನಿಮ್ಮ ಅಳಿಯನಾ? ನಾಳೆಯಿಂದ ನನ್ನ ದೋಣಿ ಹತ್ತಬೇಡಿ!"

"ಅಳಿಯನೇ ಅಂದ್ಕೋ. ಮೊಟ್ಟೆ ಕಾಯೋ ಅಳಿಯ ಎಲ್ಲರಿಗೂ ಸಿಗಲ್ಲ," ಎಂದೆ.

ಮನೆಯಲ್ಲಿ ಬೆರಳಿಗೆ ಔಷಧಿ ಹಚ್ಚುತ್ತ ಹೆಂಡತಿ ನಕ್ಕಳು. "ಹೆಬ್ಬೆರಳಷ್ಟಿಲ್ಲ, ಎಷ್ಟು ಪೊಗರು ನೋಡಿ! ದೋಣಿ ಇಲ್ದೆ ಹೇಗೆ ಹೋಗ್ತೀರಿ?"

ದಡದಿಂದ ಈಜಿಕೊಂಡು ಹೋಗುತ್ತೇನೆ. ಕಾಲು ಸೋತರೆ ಸೋಲಲಿ. ಮರಿಗಳು ಹೊರಬರುವವರೆಗೆ ಆ ಕೋಲಿಗೆ ನಾನೇ ಅಡ್ಡ. ಮೀನು ನನ್ನನ್ನು ಮತ್ತೆ ಕಚ್ಚುತ್ತದೆ. ನಾನು ಅದರ ಕಡೆಯವನೆಂದು ಅದಕ್ಕೇನು ಗೊತ್ತು? ಕಚ್ಚಲಿ. ಇನ್ನೂ ಒಂಬತ್ತು ಬೆರಳಿವೆ.