ಬಾಣನ ಹಣೆಯ ಬರೆ

ಲಕ್ಕಲಕಟ್ಟಿ, ೧೨ ಡಿಸೆಂಬರ್ ೧೯೫೪, ರವಿವಾರ

ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳ ಅಕ್ಷರ. ಸೊಟ್ಟಗಿದೆ, ತಪ್ಪುಗಳೂ ಇರಬೇಕು.

ನಮ್ಮ ಹೆಣ್ಣುನಾಯಿ ಚಂದ್ರಿ ಬೆದೆಗೆ ಬಂದಿದೆಯೆಂದು ಕೇಳಿ ಹೂವಪ್ಪ ಮಾಮಾ ಸೂಡಿಯಿಂದ ತನ್ನ ಬೇಟೆನಾಯಿ ಬಾಣನನ್ನು ಹಿಡಿದುಕೊಂಡು ಬಂದ. ಮೊಲದ ಹಿಂದೆ ಬಾಣನಂತೆ ಓಡುವ ನಾಯಿ ಈ ಸುತ್ತಿನಲ್ಲಿ ಇಲ್ಲ, ಖರೆ. ಆದರೆ ಅದಕ್ಕೆ ಮೂರ್ಛೆ ಬರುತ್ತದೆ. ಹೋದ ವರ್ಷ ಅದರಿಂದ ಚಂದ್ರಿಗೆ ಹುಟ್ಟಿದ ಮರಿಗಳೂ ಕಾಲು ಬಡಿದುಕೊಂಡು, ಬಾಯಲ್ಲಿ ನೊರೆ ಬಂದು, ನನ್ನ ಉಡಿಯಲ್ಲೇ ಸತ್ತವು.

"ಬರಿ ಹಾಕಿಸೀನವಾ, ಬ್ಯಾನಿ ಹೋತು," ಎಂದು ಮಾಮಾ ಬಾಣನ ಹಣೆಯ ಸುಟ್ಟ ಗುರುತು ತೋರಿಸಿದ. ಅಪ್ಪನೂ ತಲೆಯಾಡಿಸಿದ.

ಗಂಡಸರ ಮಾತಿನ ನಡುವೆ ನಾನು ಎಂದೂ ಬಾಯಿ ತೆರೆದವಳಲ್ಲ. ಇವತ್ತು ಚಂದ್ರಿಯನ್ನು ಕಟ್ಟಿದ್ದ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. "ಬರಿ ಬಿದ್ದದ್ದು ತೊಗಲಿಗೆ, ಮಾಮಾ. ರಕ್ತದಾಗಿನ ಬ್ಯಾನಿ ಹ್ಯಾಂಗ ಸುಟ್ಟೀತು? ಚಂದ್ರೀನ ಕೊಡಂಗಿಲ್ಲ."

"ನಾಯಿಗೂ ವರ ನೋಡಾಕಿ ಬಂದ್ಲು ನೋಡ!" ಎಂದು ಮಾಮಾ ನಕ್ಕ.

"ಹೌದು, ನೋಡ್ತೀನಿ. ನನಗ ವರ ನೋಡುಮುಂದ ಅವರ ಮನಿತನದಾಗ ಬ್ಯಾನಿ ಐತೇನಂತ ನೀ ಕೇಳಲಿಲ್ಲೇನು?"

ನಗು ನಿಂತಿತು. ಮಾಮಾ ಉಣ್ಣದೆ ಹೋದ. ಅಪ್ಪ ಮಾತು ಬಿಟ್ಟಿದ್ದಾನೆ. ಬಿಡಲಿ. ಸಾಯುವ ಮರಿಗಳನ್ನು ಅವರು ಎತ್ತಿಕೊಂಡು ಕೂತಿರಲಿಲ್ಲ.

ಚಂದ್ರಿಗೆ ನಾನು ನೋಡಿಟ್ಟ ಗಂಡು ಕುರುಬರ ಮಾಳಪ್ಪಜ್ಜನ ನಾಯಿ. ಅದು ಬಾಣನಷ್ಟು ಜೋರಾಗಿ ಓಡುವುದಿಲ್ಲ. ಓಡದಿದ್ದರೆ ಏನಾಯಿತು? ಅದರ ವಂಶದಲ್ಲಿ ಮೂರ್ಛೆ...

ನಿದ್ದೆ ಬರುತ್ತಿದೆ. ಇವತ್ತು ಬೆಳಿಗ್ಗೆ, ಮಾಮಾ ಬರುವ ಮೊದಲೇ, ಕುರಿಹಟ್ಟಿಗೆ ಹೋಗಿ ಆ ನಾಯಿಯ ತಾಯಿಯನ್ನೂ ನೋಡಿ ಬಂದೆ. ಮುದುಕಿಯಾದರೂ ನೆಟ್ಟಗೆ ಎದ್ದು ಬಂದು ನನ್ನ ಕೈ ನೆಕ್ಕಿತು.